ಹಸಿರು ದೀಪದ ಸರದಿ ಯಾರದು?

ಶಿರಸಿ, ಯಲ್ಲಾಪುರ, ಮುಂಡಗೋಡದ ಕಡೆಯಿಂದ ಆಸ್ಪತ್ರೆ, ಕಾಲೇಜು, ಕಚೇರಿಗಳಿಗಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುವ ಹಳ್ಳಿಗರಲ್ಲಿ ಅನೇಕರಿಗೆ ಬಸ್ಸೇ ಆಧಾರ. ಕಾಡಿನ ತಿರುವುಗಳನ್ನು ದಾಟಿ ಬಂದ ಆ ಬಸ್ಸು ನಗರದ ಕೆಂಪು ದೀಪದ ಮುಂದೆ ಕಾರುಗಳ ಸಾಲಿನಲ್ಲಿ ಸಿಲುಕುತ್ತದೆ. ಇದಕ್ಕೆ ಆಡಳಿತ ಸೂಚಿಸುವ ಪರಿಹಾರ ಬಹುತೇಕ ಒಂದೇ: ರಸ್ತೆ ಅಗಲೀಕರಣ. ಅದರ ಬೆಲೆಯನ್ನು ತೆರುವುದು ಸಾಲುಮರಗಳು, ಜಲ್ಲಿಗಾಗಿ ಕರಗುವ ಗುಡ್ಡಗಳು.

ಬಸ್ಸಿನಲ್ಲಿ 50 ಜನ, ಕಾರಿನಲ್ಲಿ ಒಬ್ಬರು ಇದ್ದಾರೆಂದುಕೊಳ್ಳೋಣ. 30 ಸೆಕೆಂಡುಗಳ ಕಾಯುವಿಕೆಯಿಂದ ಕಾರಿನಲ್ಲಿ ನಷ್ಟವಾಗುವುದು ಅರ್ಧ ನಿಮಿಷ; ಬಸ್ಸಿನಲ್ಲಿ, ಎಲ್ಲರ ಸಮಯವನ್ನೂ ಕೂಡಿಸಿದರೆ, 25 ನಿಮಿಷ. ಆದರೂ ನಮ್ಮ ಸಿಗ್ನಲ್ಲುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾಹನಗಳನ್ನೇ.

ಈ ಅನ್ಯಾಯವನ್ನು ಸರಿಪಡಿಸುವ ತಂತ್ರ ಸರಳವಾದುದು. ಬಸ್ಸು ಸಮೀಪಿಸುತ್ತಿರುವುದನ್ನು ಜಿಪಿಎಸ್ ಉಪಕರಣ ಸಿಗ್ನಲ್ಲಿಗೆ ತಿಳಿಸುತ್ತದೆ. ಆಗ ಹಸಿರನ್ನು ಕೆಲವು ಸೆಕೆಂಡು ವಿಸ್ತರಿಸಲಾಗುತ್ತದೆ, ಇಲ್ಲವೇ ಕೆಂಪನ್ನು ಬೇಗ ಮುಗಿಸಲಾಗುತ್ತದೆ. ಆದರೆ ಒಂದು ವೃತ್ತದಲ್ಲಿ ಮಾತ್ರ ಹೀಗೆ ಮಾಡಿದರೆ ಸಾಲದು. ಸಾಲು ಸಿಗ್ನಲ್ಲುಗಳ ಹೊಂದಾಣಿಕೆ ಸಾಮಾನ್ಯವಾಗಿ ಎಲ್ಲೂ ನಿಲ್ಲದೆ ಸಾಗುವ ಕಾರಿನ ವೇಗಕ್ಕೆ ತಕ್ಕಂತಿರುತ್ತದೆ. ತಂಗುದಾಣದಲ್ಲಿ ನಿಂತು ಹೊರಡುವ ಬಸ್ಸು ಆ ಲಯದಿಂದ ಹೊರಬಿದ್ದು ಮತ್ತೆ ಮತ್ತೆ ಕೆಂಪನ್ನೇ ಎದುರಿಸುತ್ತದೆ. ಆದುದರಿಂದ ಇಡೀ ಮಾರ್ಗದ ಹೊಂದಾಣಿಕೆಯಲ್ಲಿ ಬಸ್ಸು ನಿಲ್ಲುವ ಸಮಯವೂ ಸೇರಬೇಕು. ಸಾಧ್ಯವಾದೆಡೆ ತಂಗುದಾಣವನ್ನು ಸಿಗ್ನಲ್ ದಾಟಿದ ನಂತರ ಇಡಬೇಕು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮತದಾರರು 1973ರಲ್ಲಿ ದುಬಾರಿ ಸುರಂಗ ರೈಲು ಯೋಜನೆಯನ್ನು ತಿರಸ್ಕರಿಸಿದರು. 1977ರಲ್ಲಿ ಟ್ರಾಮ್ ಮತ್ತು ಬಸ್ಸುಗಳ ಸಂಚಾರವನ್ನು ಚುರುಕುಗೊಳಿಸಲು 20 ಕೋಟಿ ಫ್ರಾಂಕ್ ವೆಚ್ಚಕ್ಕೆ ಒಪ್ಪಿದರು. ಅಲ್ಲಿನ ಸಿಗ್ನಲ್ಲುಗಳು ಅವುಗಳಿಗೆ ದಾರಿ ಬಿಡುವಂತೆ ರೂಪುಗೊಂಡವು. ಇದಕ್ಕೆ ವ್ಯತಿರಿಕ್ತವಾಗಿ, ದೆಹಲಿಯಲ್ಲಿ 2008ರಲ್ಲಿ ತೆರೆದ ಬಸ್ ಪಥದ ಕೂಡುರಸ್ತೆಗಳಲ್ಲಿ ಸಿಗ್ನಲ್ಲುಗಳ ದೀರ್ಘ ಸುತ್ತುಗಳು ಜನರ ಸಹನೆಯನ್ನು ಪರೀಕ್ಷಿಸಿದವು. 2016ರಲ್ಲಿ ಆ ಪಥವನ್ನೇ ಕಿತ್ತುಹಾಕಲಾಯಿತು. ಪಥ ಮೀಸಲಿಟ್ಟ ಮಾತ್ರಕ್ಕೆ ಬಸ್ಸು ಗೆಲ್ಲುವುದಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ‘ಚಿಗರಿ’ ಬಸ್ಸುಗಳು ಓಡತೊಡಗಿದವು. ಅದಕ್ಕಾಗಿ ರಸ್ತೆ ಅಗಲವಾಯಿತು, ಮರಗಳು ಉರುಳಿದವು. ಆ ಬೆಲೆಯನ್ನು ತೆತ್ತಾಗಿದೆ. ಇನ್ನಾದರೂ ಅವಳಿ ನಗರದ ಪ್ರತಿಯೊಂದು ಕೂಡುರಸ್ತೆಯಲ್ಲಿ ಚಿಗರಿಗೆ ಮಾತ್ರವಲ್ಲ, ಹಳ್ಳಿಯಿಂದ ಬರುವ ಬಸ್ಸಿಗೂ ಆದ್ಯತೆ ದೊರೆಯಬೇಕು.

ಬಸ್ಸಿಗೆ ಆದ್ಯತೆ ಕೊಟ್ಟರೆ ಅಡ್ಡರಸ್ತೆಯವರು ಏನು ಮಾಡಬೇಕೆಂಬ ಪ್ರಶ್ನೆ ನ್ಯಾಯವಾದುದೇ. ತಡವಾದ ಬಸ್ಸಿಗೆ ಮಾತ್ರ ಆದ್ಯತೆ ನೀಡಿ, ಅಡ್ಡರಸ್ತೆ ಕಳೆದುಕೊಂಡ ಸೆಕೆಂಡುಗಳನ್ನು ಮುಂದಿನ ಸುತ್ತಿನಲ್ಲಿ ತುಂಬಿಕೊಡಬಹುದು. ರಸ್ತೆ ದಾಟುವ ಪಾದಚಾರಿಯ ಸಮಯವನ್ನಂತೂ ಮುಟ್ಟಲೇಬಾರದು. ಹಳ್ಳದ ನೀರನ್ನು ಸರದಿಯ ಮೇಲೆ ತೋಟಗಳಿಗೆ ಹಂಚಿಕೊಳ್ಳುವ ನಮಗೆ ಈ ನ್ಯಾಯ ಅಪರಿಚಿತವಲ್ಲ.

ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿ ಮಿತ್ರರು ಒಂದು ವೃತ್ತದಲ್ಲಿ ಒಂದು ಗಂಟೆ ನಿಂತು, ಎಷ್ಟು ವಾಹನಗಳು ದಾಟಿದವು, ಅವುಗಳಲ್ಲಿ ಎಷ್ಟು ಜನರಿದ್ದರು ಎಂಬುದನ್ನು ಬರೆದುಕೊಳ್ಳಲಿ. ಮುಂದಿನ ಅಗಲೀಕರಣದ ಪ್ರಸ್ತಾಪ ಬಂದಾಗ ಮರ ಉಳಿಸಿ ಎಂಬ ಮನವಿಯೊಡನೆ ಆ ಲೆಕ್ಕವನ್ನೂ ಅಧಿಕಾರಿಗಳ ಮುಂದಿಡೋಣ.