ಒಮ್ಮೆ ವೈರ್ ಕಿತ್ತು ನೋಡಿ

2022ರ ಜುಲೈ 8ರ ಬೆಳಗಿನ ಜಾವ ಕೆನಡಾದ ರೋಜರ್ಸ್ ಕಂಪನಿಯ ಜಾಲ ಕುಸಿದು ಬಿತ್ತು. ಮೊಬೈಲು, ಲ್ಯಾಂಡ್‌ಲೈನು, ಇಂಟರ್ನೆಟ್ಟು ಮೂರೂ ಒಂದೇ ಬುಡಕ್ಕೆ ಜೋತುಬಿದ್ದಿದ್ದರಿಂದ ಮೂರೂ ಒಟ್ಟಿಗೇ ಹೋದವು. 1.2 ಕೋಟಿಗೂ ಹೆಚ್ಚು ಗ್ರಾಹಕರು ದಿಕ್ಕುಗೆಟ್ಟರು. ಎಷ್ಟೋ ಜನರಿಗೆ ತುರ್ತು ಸಂಖ್ಯೆ 911 ಸಿಗಲಿಲ್ಲ. ಸರಿಪಡಿಸಬೇಕಾದ ಸಿಬ್ಬಂದಿ ಪರಸ್ಪರ ಮಾತಾಡಲು ನೆಚ್ಚಿಕೊಂಡಿದ್ದೂ ಅದೇ ಜಾಲವನ್ನೇ! ಕೆಟ್ಟಿದ್ದು ಎಲ್ಲಿ ಎಂದು ಹುಡುಕುವುದಕ್ಕೇ 14 ಗಂಟೆ ಹಿಡಿಯಿತು.

ನರ್ಸಿಂಗ್ ಹೋಮ್ ನಡೆಸುವವರೇ, ಬ್ಲಡ್ ಬ್ಯಾಂಕಿನವರೇ, ಗ್ಯಾಸ್ ಏಜೆನ್ಸಿಯವರೇ, ನಿಮ್ಮ ಕಟ್ಟಡದ ಫೋನ್ ಲೈನಿನ ಸ್ಥಿತಿ ಏನು?

ಮೆಟ್ಟಿಲ ಕೆಳಗೋ ಮೂಲೆಯಲ್ಲೋ ಇರುವ, ಕರೆಗಳನ್ನು ಒಳಗಿನ ಫೋನುಗಳಿಗೆ ಹಂಚುವ ಇಪಿಎಬಿಎಕ್ಸ್ ಪೆಟ್ಟಿಗೆಯ ಹತ್ತಿರ ದಯವಿಟ್ಟು ಇವತ್ತೇ ಹೋಗಿ. ಪಕ್ಕದ ಯುಪಿಎಸ್ ಬ್ಯಾಟರಿ ಉಬ್ಬಿದೆಯೇ, ಮುಟ್ಟಿ ನೋಡಿ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಫೈಬರ್ ಲೈನಿಗೆ ಆ ಭಾಗ್ಯವಿಲ್ಲ, ನಿಮ್ಮ ಬ್ಯಾಟರಿ ಸತ್ತರೆ ಅದೂ ಸತ್ತಂತೆ. ಎರಡು ಕಂಪನಿಗಳ ಲೈನ್ ಹಾಕಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರು ಹೊರಗೆ ಬಂದು ಆ ಎರಡು ಕೇಬಲ್ಲು ಬರುವ ದಾರಿ ನೋಡಿ. ಎರಡೂ ಒಂದೇ ಪೈಪಿನಲ್ಲಿ, ಒಂದೇ ಚರಂಡಿ ಪಕ್ಕದಲ್ಲಿ ಬರುತ್ತಿದ್ದರೆ ಜೆಸಿಬಿಯ ಒಂದೇ ಏಟು ಸಾಕು. ಬಿಲ್ಲು ಮಾತ್ರ ಎರಡು, ರಕ್ಷಣೆ ಒಂದೂ ಇಲ್ಲ.

ಇದು ವ್ಯಾಪಾರ ನಷ್ಟದ ಮಾತಲ್ಲ. ನಡುರಾತ್ರಿ ಹೆರಿಗೆ ನೋವು ಶುರುವಾದ ಹೆಂಗಸಿನ ಅತ್ತೆ ಬೋರ್ಡಿನ ಮೇಲಿನ ನಿಮ್ಮ ನಂಬರನ್ನೇ ನಂಬಿ ಒತ್ತುತ್ತಾಳೆ. ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ ದಿನವೇ ನೀವು ಆಕೆಗೆ ಮಾತು ಕೊಟ್ಟಾಗಿದೆ.

ಈ ವಾರ ಒಂದು ದಿನ, ಸಿಬ್ಬಂದಿಗೆ ತಿಳಿಸಿ, ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ ಮುಖ್ಯ ಲೈನಿನ ವೈರ್ ಕಿತ್ತುಬಿಡಿ. ರಸ್ತೆಯಲ್ಲಿ ನಿಂತು ನಿಮ್ಮದೇ ನಂಬರಿಗೆ ಕರೆ ಮಾಡಿ. ಒಳಗೆ ಯಾರಾದರೂ ಎತ್ತಿದರೇ? ಇಲ್ಲವಾದರೆ ನಾಳೆಗೆ ತಳ್ಳಬೇಡಿ. ಲೈನ್ ಕಡಿದಾಗ ಕರೆಗಳು ಬೇರೆ ಕಂಪನಿಯ ಮೊಬೈಲಿಗೆ ತಿರುಗುವ ಏರ್ಪಾಡನ್ನು ನಿಮ್ಮ ಪೆಟ್ಟಿಗೆಯಲ್ಲಲ್ಲ, ಟೆಲಿಫೋನ್ ಕಂಪನಿಯ ಕಡೆಯಲ್ಲೇ ಮಾಡಿಸಿ; ಪೆಟ್ಟಿಗೆ ಕೆಟ್ಟರೆ ಅದರೊಳಗಿನ ಏರ್ಪಾಡೂ ಕೆಡುತ್ತದೆ. ಆ ಮೊಬೈಲು ರಾತ್ರಿ ಪಾಳಿಯಲ್ಲಿ ಯಾರ ಕೈಯಲ್ಲಿರಬೇಕು ಎಂಬುದನ್ನು ಹೆಸರು ಸಮೇತ ಬರೆದು ರಿಸೆಪ್ಷನ್ ಗೋಡೆಗೆ ಅಂಟಿಸಿ.