ಮೆದುಳಿನ ಚಿತ್ರದಲ್ಲಿ ಬಣ್ಣ ಮೂಡಿದರೆ ಸಾಕೇ? ಜಮೆ ಯಾರ ಖಾತೆಗೆ?

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ಜನರ ಕಾಯಿಲೆ ಅವರ ಸಹಿಯಿಂದಲೇ ಗೊತ್ತಾಗುತ್ತದೆ. ಚೆಂದದ ಸಹಿ ಹಾಕುತ್ತಿದ್ದ ಗ್ರಾಹಕರೊಬ್ಬರು ಆರು ತಿಂಗಳು ಕಾಣಿಸುವುದಿಲ್ಲ. ಮತ್ತೆ ಒಂದು ದಿನ ಮಗನ ಹೆಗಲಿಗೆ ಒರಗಿ ಬಂದು ಹೆಬ್ಬೆಟ್ಟು ಒತ್ತುತ್ತಾರೆ. ಲಕ್ವ ಹೊಡೆದಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನೆಗೂ ಅದು ಬಂತು. ಮುಂಬಯಿಯಲ್ಲಿ ಸಣ್ಣ ಕ್ಯಾಂಟೀನು ನಡೆಸುತ್ತಿದ್ದ ನನ್ನ ಅಣ್ಣನಿಗೆ ಬೆಳಗಿನ ಜಾವ ಬಲಗೈ, ಬಲಗಾಲು ಬಿದ್ದುಹೋಯಿತು. ಆಸ್ಪತ್ರೆಗೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಎರಡು ತಿಂಗಳ ಬಳಿಕ ಯಾರೋ ಒಂದು ಖಾಸಗಿ ಕ್ಲಿನಿಕ್ಕಿನ ಹೆಸರು ಹೇಳಿದರು. ಅಲ್ಲಿ ರೋಗಿಯ ಅಸ್ಥಿಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು ಅವನಿಗೇ ಚುಚ್ಚುತ್ತಾರೆ, ಸತ್ತ ಮೆದುಳು ಮತ್ತೆ ಚಿಗುರುತ್ತದೆ ಎಂದರು. ಗೋಡೆಯ ಮೇಲೆ ಎರಡೆರಡು ಮೆದುಳಿನ ಚಿತ್ರಗಳಿದ್ದವು. 'ಮೊದಲು' ಎಂಬುದರಲ್ಲಿ ನೀಲಿ, 'ನಂತರ' ಎಂಬುದರಲ್ಲಿ ಕೆಂಪು, ಹಳದಿ. ಅದನ್ನು ನೋಡಿ ನಾವು ಮೂರೂವರೆ ಲಕ್ಷ ರೂಪಾಯಿ ಕೊಟ್ಟೆವು. ಅತ್ತಿಗೆಯ ಬಳೆಯೂ ಹೋಯಿತು. ಆರು ತಿಂಗಳ ನಂತರ ಅಣ್ಣನ ಚಿತ್ರದಲ್ಲೂ ಬಣ್ಣ ಹೆಚ್ಚಾಗಿತ್ತು. ಅವನು ಕೋಲು ಹಿಡಿದು ನಡೆಯುತ್ತಿದ್ದನು. ಕೈ ಮಾತ್ರ ಹಾಗೆಯೇ ಇತ್ತು.

ಈ ಹಳೆಯ ಕತೆ ಈಗೇಕೆಂದರೆ, ಕಳೆದ ತಿಂಗಳು ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಅಂಥದೇ ಒಂದು ಅರ್ಜಿ ಬಂತು. ಸದಸ್ಯರೊಬ್ಬರ ತಂದೆಗೆ ಇದೇ ಚಿಕಿತ್ಸೆಗಾಗಿ ಮೂರು ಲಕ್ಷ ಬೇಕು. ಜೊತೆಗೆ ಅದೇ ಬಗೆಯ ಬಣ್ಣದ ಚಿತ್ರ. ಕೊಡುವುದು ಬೇಡ ಎಂದವನು ನಾನೊಬ್ಬನೇ. ಆ ಹುಡುಗ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಆದ್ದರಿಂದ ನನ್ನ ಕಾರಣಗಳನ್ನು ಬಾಂಧವರ ಮುಂದಿಡುವುದು ನನ್ನ ಕರ್ತವ್ಯ. ನಾನು ವೈದ್ಯನಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ಆದರೆ ಇದು ಲೆಕ್ಕದ ಪ್ರಶ್ನೆಯೂ ಹೌದು.

ಮೊದಲು ಚಿತ್ರದ ವಿಷಯ. ಪೆಟ್ ಸ್ಕ್ಯಾನಿನಲ್ಲಿ ಮೆದುಳಿನ ಯಾವ ಭಾಗ ಎಷ್ಟು ಸಕ್ಕರೆ ಬಳಸುತ್ತಿದೆ ಎಂಬುದು ಕಾಣುತ್ತದೆ. ಫಂಕ್ಷನಲ್ ಎಂ.ಆರ್.ಐ. ಎಂಬುದು ಕೈ ಮಡಚಲು ಹೇಳಿದಾಗ ಮೆದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಬದಲಾಗುತ್ತದೆ ಎಂದು ನೋಡುತ್ತದೆ. ಡಿ.ಟಿ.ಐ. ಎಂಬ ಇನ್ನೊಂದು ವಿಧಾನ ನೀರಿನ ಕಣಗಳು ಹರಿಯುವ ದಿಕ್ಕಿನಿಂದ ನರತಂತುಗಳ ಹಾದಿಯನ್ನು ಗುರುತಿಸುತ್ತದೆ. ಮೆದುಳಿನಿಂದ ಕೈಕಾಲಿಗೆ ಆಜ್ಞೆ ಒಯ್ಯುವ ತಂತುಗಳು ಎಷ್ಟು ಉಳಿದಿವೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ಇವೆಲ್ಲ ನಿಜವಾದ ವಿಜ್ಞಾನ. ಆದರೆ ಅಲ್ಲಿನ ಬಣ್ಣ ಕಂಪ್ಯೂಟರು ಹಚ್ಚಿದ್ದು. ಎಷ್ಟು ಅಂಕಿಯ ಮೇಲೆ ಕೆಂಪು ಎಂದು ನಿರ್ಧರಿಸುವವರು ಮನುಷ್ಯರು.

ಬಂಗುಡೆ, ಭೂತಾಯಿ ತಿನ್ನುವ ನಮ್ಮವರಿಗೆ ಒಂದು ಮೀನಿನ ಕತೆ ಹೇಳುತ್ತೇನೆ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಲೆಕ್ಕದಲ್ಲಿ ತಕ್ಕ ತಿದ್ದುಪಡಿ ಮಾಡದಿದ್ದಾಗ ಸತ್ತ ಮೀನಿನ ಮೆದುಳಿನಲ್ಲೂ ಚಟುವಟಿಕೆ ಕಂಡಿತು. 2009ರಲ್ಲಿ ಇದನ್ನು ಪ್ರಕಟಿಸಿದ ಅವರ ಉದ್ದೇಶ ಯಂತ್ರವನ್ನು ಹೀಗಳೆಯುವುದಲ್ಲ, ಲೆಕ್ಕ ಸರಿಯಾಗಿ ಮಾಡಿ ಎಂದು ಎಚ್ಚರಿಸುವುದು. 2012ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ನಗೆಯ ಬಹುಮಾನವೂ ಸಿಕ್ಕಿತು.

ಎರಡನೆಯದು, ಜಮೆಯ ಪ್ರಶ್ನೆ. ಖಾತೆಯಲ್ಲಿ ಶಿಲ್ಕು ಹೆಚ್ಚಾಗಿದೆ ಎಂದರೆ ಸಾಲದು, ಯಾವ ವೋಚರಿನಿಂದ ಬಂತು ಎಂದು ತೋರಿಸಬೇಕು. ಲಕ್ವ ಹೊಡೆದ ಮೊದಲ ಕೆಲವು ತಿಂಗಳುಗಳಲ್ಲಿ ಹೆಚ್ಚಿನವರು ತಾವಾಗಿಯೇ ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಮೆದುಳಿನ ಉಳಿದ ಭಾಗಗಳು ಹೊಸ ಕೆಲಸ ಕಲಿಯುತ್ತವೆ, ವ್ಯಾಯಾಮ ಅದಕ್ಕೆ ನೆರವಾಗುತ್ತದೆ. ಅದೂ ಚಿತ್ರದಲ್ಲಿ ಕಾಣುತ್ತದೆ. ನನ್ನ ಅತ್ತಿಗೆ ಆ ಆರು ತಿಂಗಳು ದಿನಕ್ಕೆ ಎರಡು ಹೊತ್ತು ಅಣ್ಣನ ಕೈಕಾಲು ಆಡಿಸುತ್ತಿದ್ದರು, ಚಾಳಿನ ಪಡಸಾಲೆಯಲ್ಲಿ ನಡೆಸುತ್ತಿದ್ದರು. ಚಿತ್ರದ ಕೆಂಪು ಬಣ್ಣ ಸೂಜಿಯದೋ, ಕಾಲದ್ದೋ, ಅತ್ತಿಗೆಯದೋ? ಸೂಜಿ ಪಡೆಯದ ಅಂಥದೇ ರೋಗಿಗಳ ಚಿತ್ರವನ್ನೂ ಪಕ್ಕದಲ್ಲಿಟ್ಟು ತಾಳೆ ನೋಡದೆ ಇದಕ್ಕೆ ಉತ್ತರವಿಲ್ಲ. ಕ್ಲಿನಿಕ್ಕಿನವರು ಮೂರನ್ನೂ ತಮ್ಮ ಖಾತೆಗೇ ಜಮೆ ಮಾಡಿಕೊಂಡರು.

ತಾಳೆ ನೋಡಿದವರೂ ಇದ್ದಾರೆ. ದೆಹಲಿಯ ಏಮ್ಸ್ ವೈದ್ಯರು 12 ರೋಗಿಗಳ ಒಂದು ಸಣ್ಣ ಅಧ್ಯಯನವನ್ನು 2011ರಲ್ಲಿ ಪ್ರಕಟಿಸಿದರು. ಸ್ಟೆಮ್ ಸೆಲ್ ಪಡೆದವರಿಗೂ ಪಡೆಯದವರಿಗೂ ವ್ಯಾಯಾಮವಿತ್ತು. ಸ್ಟೆಮ್ ಸೆಲ್ ಪಡೆದವರ ಮೆದುಳಿನ ಚಲನೆಯ ಭಾಗದಲ್ಲಿ ಹೆಚ್ಚು ಚಟುವಟಿಕೆ ಕಂಡಿತು, ಸುಧಾರಣೆ ಮಾತ್ರ ಅಲ್ಪ. ಆಸೆ ಹುಟ್ಟಿಸುವ ವಿಷಯವೇ. ಆದರೆ ದೇಶದ 5 ಕೇಂದ್ರಗಳಲ್ಲಿ 120 ರೋಗಿಗಳ ಮೇಲೆ, ಏಮ್ಸ್‌ನ ಡಾ. ಕಾಮೇಶ್ವರ ಪ್ರಸಾದ್ ಅವರ ನೇತೃತ್ವದಲ್ಲಿ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಸ್ವಂತ ಅಸ್ಥಿಮಜ್ಜೆಯ ಸರಾಸರಿ 28 ಕೋಟಿ ಕೋಶಗಳನ್ನು ರಕ್ತನಾಳಕ್ಕೆ ಕೊಟ್ಟಿದ್ದರು. ಅಪಾಯವಾಗಲಿಲ್ಲ. ಆದರೆ ಆರು ತಿಂಗಳಿಗೆ ಎರಡು ಗುಂಪುಗಳ ನಡುವೆ ದಿನನಿತ್ಯದ ಕೆಲಸದಲ್ಲಾಗಲಿ, ಸ್ಕ್ಯಾನಿನಲ್ಲಿ ಕಾಣುವ ಮೆದುಳಿನ ಗಾಯದ ಗಾತ್ರದ ಬದಲಾವಣೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಹೊರದೇಶದಲ್ಲೂ ಇದೇ ಪಾಠ. ಅಮೆರಿಕದ ಸ್ಟ್ಯಾನ್‌ಫರ್ಡಿನ ಡಾ. ಗ್ಯಾರಿ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು 18 ರೋಗಿಗಳ ಮೆದುಳಿಗೇ ಕೋಶಗಳನ್ನು ಸೇರಿಸಿದ ವರದಿ 2016ರಲ್ಲಿ ಬಂದಾಗ ಪತ್ರಿಕೆಗಳು ಪವಾಡ ಎಂದು ಬರೆದವು. ಅದೇ ಕೋಶಗಳನ್ನು 163 ಮಂದಿಯಲ್ಲಿ, ತೋರಿಕೆಯ ಶಸ್ತ್ರಕ್ರಿಯೆಯಾದವರೊಂದಿಗೆ ಹೋಲಿಸಿದಾಗ ಮುಖ್ಯ ಗುರಿ ಈಡೇರಲಿಲ್ಲ ಎಂದು 2019ರಲ್ಲಿ ಕಂಪೆನಿಯೇ ಹೇಳಿತು. ಜಪಾನಿನಲ್ಲಿ 206 ರೋಗಿಗಳ ಮೇಲೆ ಬೇರೊಂದು ಬಗೆಯ ಕೋಶಗಳ ಪ್ರಯೋಗ ನಡೆಯಿತು. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲೂ 90 ದಿನಗಳ ಗುರಿ ಸಿಗಲಿಲ್ಲ. ಅಂದರೆ ಸಂಶೋಧನೆ ವ್ಯರ್ಥ ಎಂದು ನನ್ನ ಮಾತಲ್ಲ. ಅದು ನಡೆಯಲೇಬೇಕು, ಅದರಲ್ಲಿ ಮೆದುಳಿನ ಚಿತ್ರವೂ ಬೇಕು. ಯಾರಲ್ಲಿ ನರದ ಹಾದಿ ಉಳಿದಿದೆ, ಯಾರಿಗೆ ಏನು ಫಲಿಸೀತು ಎಂದು ತಿಳಿಯಲು ಅದೇ ದಾರಿ. ಆದರೆ ಸಂಶೋಧಕನ ಮೇಜಿನ ಮೇಲೆ ಪ್ರಶ್ನೆಯಾಗಿರುವ ಚಿತ್ರ ಕ್ಲಿನಿಕ್ಕಿನ ಗೋಡೆಯ ಮೇಲೆ ಉತ್ತರವಾಗಬಾರದು.

ಕಾನೂನಿನ ಮಾತೂ ಇದೆ. ಕೆಲವು ರಕ್ತಸಂಬಂಧಿ ಕಾಯಿಲೆಗಳಂಥವುಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯನ್ನು ಬಿಟ್ಟು ಬೇರೆಲ್ಲ ಸ್ಟೆಮ್ ಸೆಲ್ ಬಳಕೆ ಪ್ರಯೋಗ ಮಾತ್ರ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಹೊರತು ಅದನ್ನು ಮಾಡಕೂಡದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿತು. ಸಂಶೋಧನೆಗೆ ಸಂಬಂಧಿಸಿದ ವೆಚ್ಚವನ್ನು ರೋಗಿಯ ಮೇಲೆ ಹೊರಿಸಬಾರದು ಎಂಬುದೂ ಮಂಡಳಿಯ ಅದೇ ವರ್ಷದ ನೀತಿಸಂಹಿತೆಯಲ್ಲಿದೆ. ಪ್ರಯೋಗ ಎಂದೂ ಹೇಳಿ, ಲಕ್ಷಗಟ್ಟಲೆ ಬಿಲ್ಲೂ ಕೊಟ್ಟರೆ ಅಲ್ಲೇ ಲೆಕ್ಕ ತಪ್ಪಿತು.

"ಕೊನೆಯ ಆಸೆಯನ್ನು ಕಿತ್ತುಕೊಳ್ಳಬೇಡಿ" ಎಂದು ಸಮಿತಿಯ ಹಿರಿಯರೊಬ್ಬರು ನನಗೆ ಹೇಳಿದರು. ಆ ಮಾತಿನ ನೋವು ನನಗೆ ಗೊತ್ತು. ಮೂರೂವರೆ ಲಕ್ಷ ಕಟ್ಟಿದ ದಿನ ನಾವೂ ಅದನ್ನೇ ಹೇಳಿಕೊಂಡಿದ್ದೆವು. ಆದರೆ ಆ ಹಣ ಹೋದ ಮೇಲೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯವರನ್ನು ನಿಲ್ಲಿಸಬೇಕಾಯಿತು. ಅಂದು ನಿಲ್ಲಿಸಿದ್ದು ಯಾವ ಗೋಡೆಯ ಚಿತ್ರದಲ್ಲೂ ಕಾಣುವುದಿಲ್ಲ. ವ್ಯಾಯಾಮಕ್ಕೆ ಸಾಕ್ಷ್ಯವಿದೆ. ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆರಳುಗಳಲ್ಲಿ ಸ್ವಲ್ಪ ಚಲನೆ ಉಳಿದಿದ್ದವರ ಒಳ್ಳೆಯ ಕೈಗೆ ಎರಡು ವಾರ ಚೀಲ ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಕೈ ನಿಜವಾಗಿ ಸುಧಾರಿಸಿತು.

ಸಂಘದ ನಿಧಿ ಹೋಟೆಲು ಕಾರ್ಮಿಕರು ಐವತ್ತು, ನೂರು ರೂಪಾಯಿ ಹಾಕಿ ಕೂಡಿಸಿದ್ದು. ಆದ್ದರಿಂದ ನನ್ನ ಸಲಹೆ ಇಷ್ಟೇ. ಇಂಥ ಅರ್ಜಿ ಬಂದಾಗ ಮೂರು ಪ್ರಶ್ನೆ ಕೇಳೋಣ: ಈ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದೆಯೇ? ರೋಗಿಯಿಂದ ಹಣ ಏಕೆ? ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸಿದ ಫಲಿತಾಂಶ ಎಲ್ಲಿದೆ? ಉತ್ತರ ಸಿಗದಿದ್ದರೆ ಅದೇ ಕುಟುಂಬಕ್ಕೆ ಒಂದು ವರ್ಷದ ಫಿಸಿಯೋಥೆರಪಿಯ ಖರ್ಚನ್ನು ಸಂಘವೇ ಕೊಡಲಿ. ಜೊತೆಗೆ ನಮ್ಮ ಎಲ್ಲ ಕಾರ್ಯಕ್ರಮಗಳಲ್ಲಿ ರಕ್ತದೊತ್ತಡ ತಪಾಸಣೆ ಇರಲಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಧಾವಿಸಿ ಎಂದು ವೇದಿಕೆಯಿಂದ ಹೇಳೋಣ. ರಕ್ತದ ಗಡ್ಡೆ ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಸಿಗುವ ಸಮಯ ನಾಲ್ಕೂವರೆ ಗಂಟೆ. ನನ್ನ ಅಣ್ಣ ಕಳೆದುಕೊಂಡದ್ದು ಅದನ್ನು.

ಮಾತು ಬಿಟ್ಟ ಆ ಹುಡುಗನಿಗೂ ಒಂದು ವಿನಂತಿ. ಒಂದು ಭಾನುವಾರ ನಮ್ಮ ಮನೆಗೆ ಬಾ. ಅಣ್ಣನ ಎರಡೂ ಚಿತ್ರಗಳು ಕಪಾಟಿನಲ್ಲಿವೆ, ಬಿಲ್ಲೂ ಇದೆ. ಅಣ್ಣನ ಪಕ್ಕ ಕುಳಿತು ನೋಡು. ಆಮೇಲೆ ನಿನ್ನ ತಂದೆಗೆ ಏನು ಮಾಡುವುದೆಂದು ಒಟ್ಟಿಗೆ ಯೋಚಿಸೋಣ.