2006: ಏಪ್ರಿಲ್‌ನ ಬೆಂಕಿ, ಡಿಸೆಂಬರ್‌ನ ಮಳೆ

ಬೆಂಗಳೂರು: ಕ್ಯಾಲೆಂಡರ್‌ನಲ್ಲಿ ಮುಗಿದರೂ ಊರಿನಲ್ಲಿ ಮುಗಿಯದ ವರ್ಷಗಳು ಕೆಲವಿರುತ್ತವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಪಾಲಿಗೆ 2006 ಅಂಥದೊಂದು ವರ್ಷ. ಇಂದು ಈ ಭಾಗದ ನಿವಾಸಿಗಳು ಹತ್ತುವ ಮೆಟ್ರೊ ರೈಲು, ಮತ ಹಾಕುವ ವಾರ್ಡು, ಕೊಡ ಹಿಡಿದು ಕಾಯುವ ಕಾವೇರಿ ನೀರು, ಕೊನೆಗೆ ಗುನುಗುವ ಹಾಡು, ಈ ಎಲ್ಲದರ ಹಿಂದೆಯೂ ಆ ವರ್ಷದ ಒಂದಲ್ಲ ಒಂದು ದಿನಾಂಕವಿದೆ.

ವರ್ಷ ಆರಂಭವಾದದ್ದು ರಾಜಕಾರಣದಿಂದ. ರಾಜ್ಯ ರಾಜಕಾರಣದ ಪರಿಭಾಷೆಯಲ್ಲಿ ಪದ್ಮನಾಭನಗರವೆಂದರೆ ಬನಶಂಕರಿ ಪಕ್ಕದ ಬಡಾವಣೆ ಮಾತ್ರವಲ್ಲ, ಅದು ಎಚ್.ಡಿ. ದೇವೇಗೌಡರ ಮನೆ. ಜನವರಿಯಲ್ಲಿ ಧರ್ಮಸಿಂಗ್ ನೇತೃತ್ವದ ಮೈತ್ರಿ ಸರ್ಕಾರಕ್ಕೆ ಜೆಡಿಎಸ್ ಶಾಸಕರು ಕೈಕೊಟ್ಟಾಗ ಎಲ್ಲರ ಕಣ್ಣೂ ಆ ಮನೆಯ ಬಾಗಿಲ ಮೇಲೆಯೇ ಇತ್ತು. ಫೆಬ್ರವರಿ 3ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿಯೂ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣವಚನ ಸ್ವೀಕರಿಸಿದರು. ತಲಾ 20 ತಿಂಗಳ ಆ ಒಪ್ಪಂದ ಮುಂದೆ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ.

ಏಪ್ರಿಲ್ 12, ಬುಧವಾರ. ಮಧ್ಯಾಹ್ನ ಡಾ. ರಾಜ್‌ಕುಮಾರ್ ಸದಾಶಿವನಗರದ ಮನೆಯಲ್ಲಿ ಕೊನೆಯುಸಿರೆಳೆದರು. ಸುದ್ದಿ ಹಬ್ಬಿದ ಗಂಟೆಯೊಳಗೆ ನಗರ ಬಾಗಿಲು ಹಾಕಿಕೊಂಡಿತು. ಮರುದಿನ ಕಂಠೀರವ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆ ಮುಗಿಯುವಷ್ಟರಲ್ಲಿ ಬಸ್ಸುಗಳು ಸುಟ್ಟಿದ್ದವು, ಕಚೇರಿಗಳ ಗಾಜು ಪುಡಿಯಾಗಿತ್ತು, ಒಬ್ಬ ಪೊಲೀಸ್ ಪೇದೆ ಸೇರಿದಂತೆ ಎಂಟು ಮಂದಿ ಪ್ರಾಣ ಕಳೆದುಕೊಂಡಿದ್ದರು. ತಮ್ಮ ಕಣ್ಣುಗಳನ್ನೇ ದಾನ ಮಾಡಿ ಹೋದ ವ್ಯಕ್ತಿಯ ಅಂತಿಮಯಾತ್ರೆಗೆ ಇಂಥ ಹಿಂಬರಹ ಬೇಕಿರಲಿಲ್ಲ.

ಆ ಎರಡು ದಿನಗಳನ್ನು ಅಭಿಮಾನದ ಅತಿರೇಕವೆಂದು ಕೆಲವರು, ಗೂಂಡಾಗಿರಿಯೆಂದು ಕೆಲವರು ಕರೆದರು. ಎರಡೂ ಅರ್ಧಸತ್ಯ. ದಕ್ಷಿಣ ಬೆಂಗಳೂರಿನ ನಕಾಶೆಯನ್ನು ಒಮ್ಮೆ ನೋಡಿದರೆ ಉಳಿದರ್ಧ ಕಾಣುತ್ತದೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಅಚ್ಚುಕಟ್ಟಾಗಿ ಬ್ಲಾಕು, ಉದ್ಯಾನ, ವಾಣಿಜ್ಯ ಸಂಕೀರ್ಣಗಳೊಡನೆ ಬೆಳೆದ ಬಡಾವಣೆ. ಅಲ್ಲಿಂದ ಸ್ವಲ್ಪವೇ ದೂರದ ಬಿಟಿಎಂ ಲೇಔಟ್ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಜೋಡಿಸಿ ಕಟ್ಟಿದ ಹೆಸರು. ಆ ಮೂರಕ್ಷರಗಳ ಹಿಂದೆ ಹಳ್ಳಿಗಳಿವೆಯೆಂಬುದೇ ಅಲ್ಲಿ ಬಾಡಿಗೆಗೆ ಬಂದ ಸಾಫ್ಟ್‌ವೇರ್ ತರುಣರಿಗೆ ತಿಳಿದಿರಲಿಲ್ಲ. ತಿಳಿಸುವ ಗೋಜಿಗೆ ಊರೂ ಹೋಗಿರಲಿಲ್ಲ. ಒಂದೇ ರಸ್ತೆಯಲ್ಲಿ ಎರಡು ಊರುಗಳು ಬೆನ್ನು ತಿರುಗಿಸಿ ಬದುಕುತ್ತಿದ್ದವು. ಏಪ್ರಿಲ್‌ನ ಕಲ್ಲುಗಳು ಒಂದು ಊರಿನಿಂದ ಇನ್ನೊಂದಕ್ಕೆ ಬಿದ್ದವು. ಅವುಗಳಲ್ಲಿ ದುಃಖವೆಷ್ಟು, ಪಾಲು ಸಿಗದ ಸಿಟ್ಟೆಷ್ಟು ಎಂದು ತೂಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಎರಡೂ ಇದ್ದವು.

ಅದೇ ಏಪ್ರಿಲ್‌ನಲ್ಲಿ ಇನ್ನೆರಡು ಸಂಗತಿಗಳು ನಡೆದವು. ನೈಸ್ ರಸ್ತೆ ಯೋಜನೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 20ರಂದು ಕಂಪನಿಯ ಪರವಾಗಿ ತೀರ್ಪಿತ್ತಿತು. 33 ಕಿ.ಮೀ. ಉದ್ದದ, 6,395 ಕೋಟಿ ರೂಪಾಯಿ ಅಂದಾಜಿನ ಮೆಟ್ರೊ ಯೋಜನೆಗೆ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ನೆರವೇರಿಸಿದರು. ಯಶವಂತಪುರದಿಂದ ಹೊರಟ ಮಾರ್ಗ ಆಗ ಆರ್.ವಿ. ರಸ್ತೆಯಲ್ಲಿಯೇ ನಿಲ್ಲುತ್ತಿತ್ತು, ಜೆ.ಪಿ. ನಗರಕ್ಕೂ ಬನಶಂಕರಿಗೂ ಆಸೆ ಹುಟ್ಟಿಸಿದ ವಿಸ್ತರಣೆ ಬಂದದ್ದು ಆಮೇಲೆ. ಹಸಿರು ಮಾರ್ಗದ ರೈಲು ಯಲಚೇನಹಳ್ಳಿ ಮುಟ್ಟಿದಾಗ 2017ರ ಜೂನ್. ಬಿಟಿಎಂ ಲೇಔಟ್‌ಗೆ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ನಡುವೆ, ಅದೇ ದಶಕದಲ್ಲಿ ಕಟ್ಟಿದ್ದ ಜಯದೇವ ಮೇಲ್ಸೇತುವೆಯನ್ನು ಈ ಮಾರ್ಗಕ್ಕಾಗಿಯೇ 2020ರಲ್ಲಿ ಕೆಡವಬೇಕಾಯಿತು. ಎರಡು ಯೋಜನೆಗಳು ಒಂದನ್ನೊಂದು ಮಾತನಾಡಿಸದಿದ್ದರೆ ತೆರಿಗೆದಾರ ಎರಡು ಬಾರಿ ಹಣ ತೆರುತ್ತಾನೆ, ಅಷ್ಟೆ!

ಸುವರ್ಣ ಕರ್ನಾಟಕದ ನವೆಂಬರ್ 1 ಬಂತು. ರಾಜ್ಯಕ್ಕೆ ಐವತ್ತು ತುಂಬಿದ ಆ ದಿನ ಇಂಗ್ಲಿಷ್‌ನಲ್ಲೂ ಊರು ‘ಬೆಂಗಳೂರು’ ಆಗುವುದೆಂಬ ಘೋಷಣೆ ಮೊಳಗಿತು. ಯು.ಆರ್. ಅನಂತಮೂರ್ತಿ ಅವರ ಸಲಹೆಯದು. ಕಡತ ದೆಹಲಿಗೆ ಹೋಗಿ ಒಪ್ಪಿಗೆ ಪಡೆದು ಬರಲು 2014 ಆಯಿತು ಎಂಬುದು ಬೇರೆ ಮಾತು.

ಹೆಸರಿನ ಗದ್ದಲದಲ್ಲಿ ಹೆಚ್ಚು ಮುಖ್ಯವಾದ ಸುದ್ದಿ ಒಳಪುಟ ಸೇರಿತು. ಅದೇ ತಿಂಗಳು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ನೂರು ವಾರ್ಡುಗಳ ಪಾಲಿಕೆಯೊಂದಿಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸುವ ಪ್ರಕ್ರಿಯೆ ಆರಂಭವಾಗಿ, 2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಬಿಟಿಎಂ, ಜೆ.ಪಿ. ನಗರಗಳ ಬೆನ್ನಿಗಿದ್ದ ಬೊಮ್ಮನಹಳ್ಳಿ ನಗರಸಭೆ ಅದರಲ್ಲಿ ಕರಗಿತು. ಕೊಳವೆ ಬಾವಿ, ಟ್ಯಾಂಕರುಗಳನ್ನೇ ನಂಬಿದ್ದ ಬಡಾವಣೆಗಳು ಕಾವೇರಿ ಬರುವುದೆಂದು ಸಂಭ್ರಮಿಸಿದವು. ಆದರೆ ಕೇಳುವವರು ಯಾರು? ಹೊಸ ಪಾಲಿಕೆಗೆ 198 ವಾರ್ಡುಗಳ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯ ಸಹಿಯೇ ಜನಾದೇಶವಾಗಿತ್ತು. ಮುಂದೆ 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದಾಗಲೂ ಇದೇ ಕಥೆ ಮರುಕಳಿಸಿತು. 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಒಂದು ಚುನಾವಣೆಯೂ ನಡೆಯಲಿಲ್ಲ. ಕೂಡಿಸುವಾಗಲೂ ಒಡೆಯುವಾಗಲೂ ನಾಗರಿಕನ ಮತವನ್ನು ಪಕ್ಕಕ್ಕಿಡಲಾಯಿತೆಂಬುದು 2006ರ ಅತ್ಯಂತ ಕಹಿಯಾದ ಬಳುವಳಿ.

ಇನ್ನು ರಂಜನೆಯ ವಿಷಯ. ಮೇ ತಿಂಗಳಲ್ಲಿ ಝೀ ಕನ್ನಡ ವಾಹಿನಿ ಆರಂಭವಾಯಿತು. ಹೊಸ ಎಫ್‌ಎಂ ಕೇಂದ್ರಗಳು ಒಂದರ ಹಿಂದೊಂದು ಬಂದವು. ಎ.ಎಂ.ಆರ್. ರಮೇಶ್ ನಿರ್ದೇಶನದ ‘ಸೈನೈಡ್’ ತೆರೆಕಂಡಿತು. ರಾಜೀವ್ ಗಾಂಧಿ ಹಂತಕರು 1991ರ ಆಗಸ್ಟ್‌ನಲ್ಲಿ ಅಂತ್ಯ ಕಂಡ ಕೋಣನಕುಂಟೆ ಆಗ ಊರ ಹೊರಗಿನ ಹಳ್ಳಿ. ಚಿತ್ರ ಬರುವ ಹೊತ್ತಿಗೆ ಜೆ.ಪಿ. ನಗರ ಅದರ ಹೊಸ್ತಿಲು ತುಳಿದಿತ್ತು.

ಆದರೆ ವರ್ಷದ ಚಿತ್ರ ಬಂದದ್ದು ವರ್ಷ ಮುಗಿಯಲು ಎರಡು ದಿನವಿರುವಾಗ. ಡಿಸೆಂಬರ್ 29ರಂದು ‘ಮುಂಗಾರು ಮಳೆ’ ಬಿಡುಗಡೆಯಾಯಿತು. ಉದಯ ಟಿವಿಯ ‘ಕಾಮಿಡಿ ಟೈಮ್’ನಿಂದ ಬಂದ ಗಣೇಶ್ ನಾಯಕ, ‘ಮಣಿ’, ‘ರಂಗ ಎಸ್ಸೆಸ್ಸೆಲ್ಸಿ’ಗಳ ಯೋಗರಾಜ್ ಭಟ್ ನಿರ್ದೇಶಕ, ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಅವರ ಸಾಹಿತ್ಯ. ಗಾಂಧಿನಗರದ ಲೆಕ್ಕಾಚಾರದಲ್ಲಿ ಈ ಹೆಸರುಗಳಿಗೆ ದೊಡ್ಡ ಬೆಲೆಯೇನೂ ಇರಲಿಲ್ಲ. ಚಿತ್ರ ಗೆದ್ದದ್ದಕ್ಕಿಂತ ಗೆದ್ದ ಜಾಗ ಗಮನಾರ್ಹ. ಬಿಟಿಎಂ ಲೇಔಟ್‌ಗೆ ಹತ್ತಿರದ ಫೋರಂ ಮಾಲ್‌ನ ಪಿವಿಆರ್‌ನಲ್ಲಿ ಅದು ವರ್ಷ ದಾಟಿ ಓಡಿತು. ಹಿಂದಿ, ಇಂಗ್ಲಿಷ್ ಚಿತ್ರಗಳ ಮನೆಯೆಂದು ಕನ್ನಡಿಗರೇ ದೂರವಿಟ್ಟಿದ್ದ ಮಲ್ಟಿಪ್ಲೆಕ್ಸ್ ಅದು. ಜಯನಗರ ಸಂಕೀರ್ಣದಲ್ಲಿದ್ದ ಪುಟ್ಟಣ್ಣ ಚಿತ್ರಮಂದಿರದಂಥ ಒಂಟಿ ಪರದೆಗಳ ಪ್ರೇಕ್ಷಕರು ಅಲ್ಲಿಗೂ ಹೋದರು; ಕನ್ನಡ ಬಾರದವರು ಸಕಲೇಶಪುರದ ಮಳೆ, ಜೋಗದ ಧಾರೆ ನೋಡಲು ಪಕ್ಕದ ಕುರ್ಚಿಯಲ್ಲಿ ಕುಳಿತರು. ಏಪ್ರಿಲ್‌ನಲ್ಲಿ ಗಾಜಿನ ಕಟ್ಟಡವೆಂದರೆ ಕಲ್ಲಿಗೆ ಗುರಿ. ಎಂಟೂವರೆ ತಿಂಗಳ ನಂತರ ಅಂಥದೇ ಕಟ್ಟಡದೊಳಗೆ ಕನ್ನಡ ಚಿತ್ರಕ್ಕೆ ಟಿಕೆಟ್ ಇಲ್ಲವೆಂಬ ಫಲಕ ತೂಗುತ್ತಿತ್ತು.